ಯಜಮಾನರಿಗೊಂದು ಮನೆ

ಎಲ್ಲ ತಾಪತ್ರಯಕ್ಕೂ ಮೂಲ, ಪ್ರಾಣಿ ಸೇವಾ ಇಲಾಖೆಯ ಡಾಕ್ಟರು ಆ ಮುದಿ ನಾಯಿಗೆ ಇಟ್ಟ ಹೆಸರು. ಬೀದಿಯಿಂದ ತಂದ ದಿನವೇ ಅದು ಆಫೀಸಿನಲ್ಲಿದ್ದ ಒಂದೇ ಮೆತ್ತನೆ ಕುರ್ಚಿ ಹತ್ತಿ ಮಲಗಿತು. ಇಳಿಸಲು ಬಂದವರನ್ನು 'ಏನು ಬಂದಿರಿ?' ಎನ್ನುವಂತೆ ನೋಡಿತು. "ಓಹೋ, ಯಜಮಾನರು!" ಎಂದರು ಡಾಕ್ಟರು. ಅಂದಿನಿಂದ ಏಕವಚನದಲ್ಲಿ ಕರೆಯಲು ಯಾರಿಗೂ ಬಾಯಿ ಬರಲಿಲ್ಲ.

ಇಲಾಖೆಯ ಪರವಾಗಿ ಬಡಾವಣೆಗಳನ್ನು ಸುತ್ತಿ ಜನರಿಗೆ ತಿಳಿವಳಿಕೆ ಹೇಳುತ್ತಿದ್ದವಳನ್ನು ಶಾಲೆಯ ಮಕ್ಕಳು 'ನಾಯಿ ಮೇಡಂ' ಎನ್ನುತ್ತಿದ್ದರು. ಅವಳಿಗೇನೂ ಬೇಸರವಿರಲಿಲ್ಲ. ಬೆಳಿಗ್ಗೆ ಅವಳು ಗೇಟು ತೆಗೆದರೆ ಸಾಕು, ಕಿವಿ ಕೇಳದ ಯಜಮಾನರು ಅದು ಹೇಗೋ ತಿಳಿದು, ಒಂದೊಂದೇ ಕಾಲು ಕೆಳಗಿಟ್ಟು, ಬಾಗಿಲವರೆಗೆ ಬರುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗಾಗಿ ಬಾಗಿಲಿಗೆ ಎದ್ದು ಬಂದವರು ಬೇರೆ ಯಾರೂ ಇರಲಿಲ್ಲ. ಗಂಡ ಟೀವಿಯಿಂದ ಕಣ್ಣು ಕೀಳದೆ "ಬಂದ್ಯಾ?" ಎನ್ನುತ್ತಿದ್ದ. ಅವಳ ಬದಲು ಕಳ್ಳ ಬಂದಿದ್ದರೂ ಅದನ್ನೇ ಎನ್ನುತ್ತಿದ್ದ.

"ಆಫೀಸಿನ ಮುದಿ ನಾಯಿನ ನಮ್ಮನೆಗೇ ತರೋಣ್ವಾ?" ಎಂದು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ದಿನವೆಲ್ಲ ನಾಯಿಗಳ ಜತೆನೇ ಇರ್ತೀಯಲ್ಲ, ಸಾಲ್ದಾ?"

ಈಗ ಇಲಾಖೆಯಲ್ಲಿ ಜಾಗ ಸಾಲದೆ, ಸಂಜೆಯೊಳಗೆ ಮನೆ ಸಿಗದ ನಾಯಿಗಳನ್ನು ದೂರದ ಆಶ್ರಯಕ್ಕೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಅವಳದೇ ಬಡಾವಣೆಯ ಸಭಾಭವನದಲ್ಲಿ ಅಂದು ನಾಯಿಗಳಿಗೆ ಮನೆ ಹುಡುಕುವ ಕೊನೆಯ ಕಾರ್ಯಕ್ರಮ. ಯಜಮಾನರನ್ನು ಕರೆತರಬೇಕಾದ ಡಾಕ್ಟರು ದಾರಿಯಲ್ಲಿ ಚರಂಡಿಗೆ ಬಿದ್ದ ಕತ್ತೆಮರಿಯನ್ನು ಎತ್ತುತ್ತ ನಿಂತಿದ್ದರು. ಅವಳು ನಾಯಿಯಿಲ್ಲದೆಯೇ ಮಾತು ಶುರುಮಾಡಿದಳು.

ವಯಸ್ಸಾದ ನಾಯಿಗಳ ಊಟ, ಓಡಾಟ ಎಲ್ಲ ಹೇಳಿ ಮುಗಿಸಿ ಯಜಮಾನರ ವಿಷಯಕ್ಕೆ ಬರುವುದಕ್ಕೂ, ಎದುರುಮನೆಯಾಕೆ ಗೆಳತಿಯರ ದಂಡು ಕಟ್ಟಿಕೊಂಡು ಒಳಗೆ ಬರುವುದಕ್ಕೂ ಸರಿಹೋಯಿತು.

"ನಮ್ಮ ಯಜಮಾನರಿಗೆ ವಯಸ್ಸಾಯ್ತು," ಎಂದಳು ನಾಯಿ ಮೇಡಂ ಮೈಕಿನಲ್ಲಿ. "ಕಿವಿ ಕೇಳಲ್ಲ. ಹಲ್ಲು ನಾಲ್ಕೇ ಉಳಿದಿರೋದು. ಕುರ್ಚಿ ಬಿಟ್ಟು ಏಳೋದು ಅಪರೂಪ."

"ಅಯ್ಯೋ, ನಮ್ಮನೇಲೂ ಅದೇ ಕತೆ ಕಣೇ," ಎಂದಳು ದಂಡಿನಲ್ಲೊಬ್ಬಳು.

"ಆದ್ರೂ ಯಾರಾದ್ರೂ ಕರ್ಕೊಂಡು ಹೋಗಿ. ಇವತ್ತು ಸಂಜೆಯೊಳಗೆ ಕಳಿಸಲೇಬೇಕು."

ಎದುರುಮನೆಯಾಕೆಯ ಬಾಯಿ ಗುಡಾಣದಂತೆ ತೆರೆದುಕೊಂಡಿತು.

"ಮೈಯೆಲ್ಲ ಹುಣ್ಣಿತ್ತು, ನಾನೇ ಉಜ್ಜಿ ಸ್ನಾನ ಮಾಡಿಸ್ತಿದ್ದೆ. ನಾನು ಬಂದ್ರೆ ಸಾಕು, ಎದ್ದು ಬಾಗಿಲಿಗೆ ಬರ್ತಾರೆ. ಅಷ್ಟು ಪ್ರೀತಿ."

"ಬಾಗಿಲಿಗಾ?" ಎಂದಳು ಎದುರುಮನೆಯಾಕೆ. "ಆ ಮನುಷ್ಯ ಬಾಗಿಲಿಗೆ ಬಂದಿದ್ದನ್ನ ನಾನಂತೂ ಕಂಡಿಲ್ಲಮ್ಮ!" ಪರೋಪಕಾರದಲ್ಲಿ ಆಕೆ ಯಾವತ್ತೂ ಹಿಂದೆ ಬಿದ್ದವಳಲ್ಲ. ಹೊರಗೆ ಹೋಗಿ ನೇರ ನಾಯಿ ಮೇಡಂ ಗಂಡನಿಗೇ ಫೋನು ಮಾಡಿ, ಕಿವಿ, ಹಲ್ಲು, ಹುಣ್ಣು ಯಾವುದನ್ನೂ ಬಿಡದೆ ವರದಿ ಒಪ್ಪಿಸಿದಳು. "ಅಣ್ಣಾ, ಎಲ್ಲಿದ್ದೀರಿ? ಇಲ್ಲಿ ನಿಮ್ಮನ್ನ ಬೇಕಾದವರಿಗೆ ಕೊಡ್ತಾ ಇದ್ದಾರೆ, ಬೇಗ ಬನ್ನಿ!"

ಕೇಳಿದವರು ಯಾರೂ ಮುಂದೆ ಬರಲಿಲ್ಲ. ಒಬ್ಬಾಕೆಯ ಮನೆಗೆ ಮೆಟ್ಟಿಲು ಹೆಚ್ಚು, ಇನ್ನೊಬ್ಬಾಕೆಗೆ ಮರಿಯೇ ಬೇಕು. ನಾಯಿ ಮೇಡಂ ಮೈಕು ಕೆಳಗಿಡುವ ಹೊತ್ತಿಗೆ ಬಾಗಿಲಲ್ಲಿ ಗಂಡ ನಿಂತಿದ್ದ. ತಲೆ ಬಾಚಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಏದುಸಿರು ಬಿಡುತ್ತಿದ್ದ. ಇಡೀ ಸಭೆಯಲ್ಲಿ ಅವನ ಕಣ್ಣು ಅವಳೊಬ್ಬಳನ್ನೇ ಹುಡುಕುತ್ತಿತ್ತು. ಹೆಣ್ಣು ನೋಡಲು ಬಂದ ದಿನದ ಅವನ ಮುಖ ಅವಳಿಗೆ ನೆನಪಾಯಿತು. ಏಕೆ ಬಂದನೋ ತಿಳಿಯದಿದ್ದರೂ ಅವಳ ಎದೆ ಝಲ್ಲೆಂದಿತು.

"ನಂಗೆ ಕಿವಿ ಕೇಳತ್ತೆ," ಎಂದ ಅವನು, ಎಲ್ಲರಿಗೂ ಕೇಳುವಂತೆ. "ಹಲ್ಲೂ ಸರಿಯಾಗಿವೆ. ಹುಣ್ಣು ಎಲ್ಲಿದೆ, ತೋರ್ಸು!"

ಸಭೆ ಗೊಳ್ಳೆಂದಿತು. ಅಷ್ಟರಲ್ಲಿ ಮೈಯೆಲ್ಲ ಕೆಸರಾದ ಡಾಕ್ಟರು ನಾಯಿಯೊಂದಿಗೆ ಒಳಗೆ ಬಂದು, "ಕ್ಷಮಿಸಿ, ಯಜಮಾನರನ್ನ ತರೋದು ತಡ ಆಯ್ತು," ಎಂದರು.

ಗಂಡ ನಾಯಿಯನ್ನು ನೋಡಿದ, ನಾಯಿ ಗಂಡನನ್ನು ನೋಡಿತು.

"ಇವನ ಬಗ್ಗೆನಾ ನೀನು ಹೇಳಿದ್ದು?"

"ಹೂಂ ರೀ. ನಿಮ್ಮ ಬಗ್ಗೆ ಅಲ್ಲ."

ಅವನ ಮುಖ ಅರಳಬೇಕಿತ್ತು, ಇನ್ನಷ್ಟು ಗಂಟಿಕ್ಕಿತು. "ಹಲ್ಲಿಲ್ಲ, ಕಿವಿ ಕೇಳಲ್ಲ ಅಂತ ಪಾಪ, ಹಿರೀಜೀವದ ಮರ್ಯಾದೆನ ಊರ ಮುಂದೆ ಹರಾಜು ಹಾಕಿದ್ಯಲ್ಲೇ! ಬಾರಪ್ಪ, ನಾವು ಮನೆಗೆ ಹೋಗೋಣ." ಹಗ್ಗವನ್ನು ಡಾಕ್ಟರ ಕೈಯಿಂದ ಕಸಿದುಕೊಂಡ. ಅಪಮಾನಿತರಿಬ್ಬರೂ ಜೊತೆಜೊತೆಯಾಗಿ ಹೊರಟುಹೋದರು.

ನಾಯಿ ಮೇಡಂಗೆ ನಗುವೋ ಅಳುವೋ ತಿಳಿಯಲಿಲ್ಲ. ಎಷ್ಟೋ ದಿನ ಬೇಡಿದ್ದು ಒಂದು ಗಳಿಗೆಯಲ್ಲಿ ಕೈಗೂಡಿತ್ತು. ಕುರ್ಚಿಗಳನ್ನು ಮಡಿಸಿ, ಬೀಗ ಹಾಕಿ, ಮದುಮಗಳಿಗೂ ಇರದ ಅವಸರದಲ್ಲಿ ಮನೆಯತ್ತ ನಡೆದಳು. ಹೊಸಿಲಲ್ಲಿ ಸೆರಗು ಸರಿಮಾಡಿಕೊಂಡು, ಸುಮ್ಮನೆ ಒಂದು ಕ್ಷಣ ಕಾದು, ಬಾಗಿಲು ತೆಗೆದಳು.

ಸೋಫಾದ ಮೇಲೆ ಗಂಡ, ಅವನ ತೊಡೆಯ ಮೇಲೆ ನಾಯಿಯ ತಲೆ. ಎದುರಿಗೆ ಟೀವಿ.

"ಯಜಮಾನ್ರೇ," ಎಂದಳು.

ಇಬ್ಬರೂ ತಿರುಗಲಿಲ್ಲ.

ಗಂಡ ನಾಯಿಯ ಕಿವಿಯ ಹಿಂದೆ ಮೆಲ್ಲಗೆ ಕೆರೆಯುತ್ತ, "ನಿದ್ದೆ ಬಂತೇನೋ ಕಂದಾ?" ಎನ್ನುತ್ತಿದ್ದ. ಆ ದನಿ ಅವನ ಗಂಟಲಲ್ಲಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಕೇಳುತ್ತ ಅವಳು ಚಪ್ಪಲಿಯನ್ನೂ ಬಿಡದೆ ನಿಂತೇ ಇದ್ದಳು.

"ಬಾಗಿಲು ಹಾಕೇ," ಎಂದ ಗಂಡ, ಟೀವಿ ನೋಡುತ್ತಲೇ. "ನಮ್ಗೆ ಚಳಿ ಆಗತ್ತೆ."