ಆಯಿಯ ಮೊಣಕಾಲಿಗೊಂದು ಗಾಡಿ

ಹಳೆ ಗಾಡಿ ನೋಡಲು ಹೋದವನಿಗೆ ಗಾಡಿ ಸಿಗದೆ ಹೋಗಬಹುದು, ಹೇಳಿಕೊಳ್ಳಲು ಒಂದು ಕಥೆ ಸಿಗದೆ ಇರುವುದಿಲ್ಲ. ನನಗೆ ಒಂದೇ ಬೇಸಿಗೆಯಲ್ಲಿ ಸಾಲುಸಾಲಾಗಿ ಸಿಕ್ಕವು. ಅದೂ ನನ್ನ ಗಾಡಿಗಲ್ಲ, ಅಕ್ಕನ ಗಾಡಿಗೆ.

ನಾನು ಚಿಕ್ಕೋಡಿಯ ಬಸ್ ಡಿಪೋದಲ್ಲಿ ಪಾಸು ಬರೆದುಕೊಡುವವನು. ಎಂಜಿನ್ನಿಗೂ ನನಗೂ ಇರುವ ಸಂಬಂಧವೆಂದರೆ ಅದರ ಸದ್ದು ನನ್ನ ಕಿಟಕಿಗೆ ಕೇಳಿಸುತ್ತದೆ, ಅಷ್ಟೇ. ಆದರೆ ನಮ್ಮ ಬಳಗದಲ್ಲಿ 'ಡಿಪೋದಾಗ ಅದಾನ' ಎಂದರೆ 'ಗಾಡಿಯ ಒಳಗು ಹೊರಗು ಬಲ್ಲವ' ಎಂದೇ ಅರ್ಥ. ಮೊದಮೊದಲು ಅಲ್ಲ ಎಂದು ಹೇಳುತ್ತಿದ್ದೆ. ಯಾರೂ ನಂಬದ್ದರಿಂದ ಬಿಟ್ಟೆ.

ಅಕ್ಕನನ್ನು ಕೊಟ್ಟಿರುವುದು ಅಂಕಲಿಗೆ. ಕಬ್ಬಿನ ಮನೆತನ. ಟ್ರ್ಯಾಕ್ಟರ್ ಇದೆ, ಮೋಟರ್ ಸೈಕಲ್ ಇದೆ, ಕಾರಿಲ್ಲ. ಹೋದ ವರ್ಷ ಒಂದು ಮದುವೆಗೆ ಬಾಜೂ ಮನೆಯವರ ಕಾರಿನಲ್ಲಿ ಹೋಗಿದ್ದರು. ಬಾಜೂ ಮನೆಯಾಕೆ ಮುಂದಿನ ಸೀಟಿನಿಂದ ಇಳಿದವಳೇ, ಬಾಗಿಲಿನಿಂದ ಹಿಡಿದು ಊಟದ ಪಂಕ್ತಿಯವರೆಗೆ ಸಿಕ್ಕಸಿಕ್ಕವರಿಗೆಲ್ಲ, "ಪಾಪ, ಅವರಿಗೆ ಗಾಡಿ ಇಲ್ಲಲ್ರಿ, ನಮ್ಮ ಗಾಡ್ಯಾಗ ಕರಕೊಂಡ ಬಂದೇವಿ" ಎಂದು ಹೇಳಿದಳು. ಅಕ್ಕ ಅವತ್ತು ಹೋಳಿಗೆ ಮುಟ್ಟಲಿಲ್ಲ. ಇನ್ನು ಮಂದಿ ಗಾಡಿ, ಅಂದರೆ ಪರರ ಗಾಡಿ, ಹತ್ತುವುದಿಲ್ಲ ಎಂದು ಆಣೆ ಮಾಡಿದಳು.

ಈಗ ಅವಳ ಮಗಳ ನಿಶ್ಚಿತಾರ್ಥ, ನಮ್ಮ ಕಡೆಯ ಮಾತಿನಲ್ಲಿ ಸಾಖರಪುಡಾ, ಅಥಣಿಯಲ್ಲಿ ನಿಗದಿಯಾಗಿತ್ತು. "ಸ್ವಂತ ಗಾಡಿ ಬಂದ್ರ ಬರತೇನಿ, ಇಲ್ಲಾಂದ್ರ ನೀವ ಹೋಗಿ ಬರ್ರಿ" ಎಂದು ಅಕ್ಕ ಕೂತುಬಿಟ್ಟಳು. ಹೆತ್ತ ತಾಯಿಯಿಲ್ಲದೆ ಸಾಖರಪುಡಾ ಮಾಡುವುದು ಹೇಗೆ? ಭಾವ, ಅಂದರೆ ನಾವೆಲ್ಲ ಮಾಮಾ ಎಂದು ಕರೆಯುವವರು, ಹಳೆಯದಾದರೂ ಸರಿ ಎಂದು ಗಾಡಿ ಹುಡುಕಲು ಹೊರಟರು. ತಜ್ಞನಾಗಿ ನಾನು ಜೊತೆಗೆ.

ಮಾಮಾನ ತಾಯಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಾರೆ. ಆಯಿಗೆ ಮೊಣಕಾಲು ನೋವು. ತಗ್ಗಿನ ಕಾರಿಗೆ ಇಳಿಯಲಾಗದು, ಎತ್ತರದ ಜೀಪಿಗೆ ಹತ್ತಲಾಗದು. ಕುರ್ಚಿಯ ಮೇಲೆ ಕೂತಂತೆ ಕೂತು ಎದ್ದು ಬರಬೇಕು. ಹಾಗಾಗಿ ಆ ಎರಡರ ನಡುವಿನ ಸಣ್ಣ ಎಸ್‌ಯುವಿಯೇ ಆಗಬೇಕಿತ್ತು, ಮತ್ತು ಪ್ರತಿ ಗಾಡಿಯನ್ನೂ ಆಯಿ ಕೂತು ಎದ್ದು ನೋಡಬೇಕಿತ್ತು. ಗಾಡಿ ಇಲ್ಲದ್ದರಿಂದ ಗಾಡಿ ನೋಡಲು ಬಸ್ಸಿನಲ್ಲಿ ಹೋಗುತ್ತಿದ್ದೆವು. ಆ ಮೆಟ್ಟಿಲು ಹತ್ತಿ ಇಳಿದು, ಸರಿಯಿದ್ದ ಇನ್ನೊಂದು ಮೊಣಕಾಲೂ ನೋಯತೊಡಗಿತು.

೧. ಡಾಕ್ಟರರ ಗಾಡಿ

ಮೊದಲು ನೋಡಿದ್ದು ನಿಪ್ಪಾಣಿಯಲ್ಲಿ. ಏಜೆಂಟ ಬಾಗಿಲು ತೆಗೆದು ನಿಂತು, "ಡಾಕ್ಟರ ಗಾಡಿ ಐತ್ರಿ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ಮತ್ತ ಎಲ್ಲೂ ಹೋಗಿಲ್ಲ" ಎಂದ. ಹಳೆ ಗಾಡಿಗಳ ಬಜಾರಿನಲ್ಲಿ ಎಲ್ಲ ಗಾಡಿಗಳೂ ಡಾಕ್ಟರರವೇ. ಅಷ್ಟು ಡಾಕ್ಟರರು ನಿಜಕ್ಕೂ ಇದ್ದಿದ್ದರೆ ನಮ್ಮ ಕಡೆ ಒಬ್ಬರಿಗೂ ಕೆಮ್ಮು ಇರುತ್ತಿರಲಿಲ್ಲ.

ಆಯಿ ಮುಂದೆ ಕೂತರು. ನಾವು ಹಿಂದೆ ಕೂತೆವು. ನಾನು ತಜ್ಞನ ಗತ್ತಿನಲ್ಲಿ, "ಎಸಿ ಚಾಲೂ ಮಾಡ್ರಿ" ಎಂದೆ. ಗೊತ್ತಿದ್ದದ್ದು ಅದೊಂದೇ. ಏಜೆಂಟ ಗುಂಡಿ ತಿರುಗಿಸಿದ. ಗಾಳಿ ಬರುವ ಕಿಂಡಿಗಳಿಂದ ಕಂದು ಪುಡಿ ಭುಸ್ ಎಂದು ಎದ್ದು ಬಂತು. ಆಯಿ ಸೀನಿದರು, ಮಾಮಾ ಸೀನಿದರು, ನಾನು ಸೀನಿದೆ. ಏಜೆಂಟ ಎಲ್ಲರಿಗಿಂತ ಜೋರಾಗಿ ಸೀನಿ ಕಣ್ಣೀರು ಒರೆಸಿಕೊಂಡ. ಅಪ್ಪಟ ನಿಪ್ಪಾಣಿ ತಂಬಾಕು. ಗಾಡಿ ಓಡಾಡಿದ್ದು ದವಾಖಾನೆಗೋ ತಂಬಾಕಿನ ಗೋದಾಮಿಗೋ ಎಂದು ಕೇಳುವ ಅಗತ್ಯ ಉಳಿಯಲಿಲ್ಲ.

ಆಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಎಂಥಾ ಡಾಕ್ಟರಪಾ ಅಂವ?" ಎಂದರು.

ಏಜೆಂಟ ಮತ್ತೊಮ್ಮೆ ಸೀನಿದ. ಮಾಮಾ ಉತ್ತರ ಕೊಟ್ಟರು. "ತಂಬಾಕ ಬಿಡಸೂ ಡಾಕ್ಟರ ಇರಬೇಕ ಬೇ. ಮಂದಿ ಕಡೆ ಕಸಗೊಂಡಿದ್ದೆಲ್ಲಾ ಇದರಾಗ ತುಂಬಿ ಇಟ್ಟಾನ."

೨. ಟ್ರಯಲ್

ರಾಯಬಾಗ ತಾಲೂಕಿನ ಅಲಖನೂರಿನ ಒಬ್ಬರು ಫೋನಿನಲ್ಲೇ ಬಹಳ ಪ್ರಾಮಾಣಿಕರಂತೆ ಕೇಳಿಸಿದರು. "ಟ್ರಯಲ್ ನೋಡಲಾರದ ಗಾಡಿ ತಗೋಬಾರ್ದ್ರಿ. ಪೆಟ್ರೋಲ್ ಅಷ್ಟ ಹಾಕಸ್ರಿ, ಬೇಕಾದಷ್ಟ ಓಡ್ಸಿ ನೋಡ್ರಿ" ಎಂದರು. ಇಂಥವರು ಸಿಗುವುದು ಅಪರೂಪ ಎಂದುಕೊಂಡು ಹೋದೆವು.

ಪೆಟ್ರೋಲ್ ಹಾಕಿಸಿದೆವು. ಅವರೇ ಸ್ಟೇರಿಂಗ್ ಹಿಡಿದು ಮೊದಲು ಗಿರಣಿಯ ಮುಂದೆ ನಿಲ್ಲಿಸಿ, ಬೀಸಿಸಿ ಇಟ್ಟಿದ್ದ ಜೋಳದ ಹಿಟ್ಟಿನ ಚೀಲವನ್ನು ಹಿಂದೆ ಹಾಕಿದರು. "ಡಿಕ್ಕಿ ಎಷ್ಟ ಹಿಡಸತೈತಿ ನೋಡ್ರಿ." ಅಲ್ಲಿಂದ ಮುಂದಿನ ಊರಿಗೆ ಹೋಗಿ ತಮ್ಮ ಮಾವನ ಮನೆಯಿಂದ ಹೆಂಡತಿಯನ್ನೂ ಎರಡು ಗಂಟುಗಳನ್ನೂ ಹತ್ತಿಸಿಕೊಂಡರು. "ಲೋಡ್ ಇದ್ದಾಗ ಹೆಂಗ ಎಳೀತೈತಿ ನೋಡ್ರಿ." ಬರುವಾಗ ಕ್ಷೌರದಂಗಡಿಯ ಮುಂದೆ ಗಕ್ಕನೆ ನಿಲ್ಲಿಸಿ, "ಬ್ರೇಕ್ ನೋಡಿದ್ರೆಲ್ಲಾ? ಈಗ ಎಸಿ ನೋಡ್ಕೊಂತ ಕುಂಡ್ರಿ, ಬಂದ್ನಿ" ಎಂದು ಒಳಗೆ ಹೋದರು. ಗಡ್ಡ ಮಾಡಿಸಿಕೊಂಡು ಬರುವವರೆಗೆ ನಾವು ಎಸಿ ನೋಡಿದೆವು. ಚೆನ್ನಾಗಿತ್ತು.

ಅವರ ಮನೆ ಮುಟ್ಟಿದ ಮೇಲೆ ಮಾಮಾ, "ಗಾಡಿ ಪಸಂದ ಐತ್ರಿ. ಮಾತಾಡೂಣು" ಎಂದರು. ಅವರು ನುಣ್ಣನೆಯ ಗಲ್ಲ ಸವರಿಕೊಂಡು, "ಪಸಂದ ಐತಲ್ರಿ? ಅದಕ್ಕ ಕೊಡೂದೋ ಬ್ಯಾಡೋ ಅಂತ ನಾನೂ ವಿಚಾರ ಮಾಡಾಕತ್ತೇನಿ" ಎಂದರು.

ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಕೂತಾಗ ಅಂಗಡಿಯವನು ಆಯಿಯ ಕೈಗೆ ಕಪ್ಪು ಕೊಡುತ್ತ, "ಗಾಡಿ ನೋಡಾಕ ಬಂದಿದ್ರೇನ್ರಿ? ಇವತ್ತ ಗಿರಣಿಗೆ ಹೋಗಿದ್ನೋ, ಮಾವನ ಮನಿಗೆ ಹೋಗಿದ್ನೋ?" ಎಂದು ಕೇಳಿದ.

ಮಾಮಾ, "ಎರಡೂ" ಎಂದರು.

೩. ಗೋಡುಮಣ್ಣು

ಅಥಣಿಯಲ್ಲಿ ಒಂದು ಗಾಡಿ ಫಳಫಳ ಹೊಳೆಯುತ್ತಿತ್ತು. ಹೊಳೆ ಬಂದಾಗ ನೀರಲ್ಲಿ ನಿಂತ ಗಾಡಿಗಳನ್ನು ತೊಳೆದು ಮಾರುತ್ತಾರೆ ಎಂದು ಡಿಪೋದ ಮೆಕ್ಯಾನಿಕ್ ನನಗೆ ಹೇಳಿ ಕಳಿಸಿದ್ದ. ಕೇಳಿದೆ. ಮಾರುವವರು ಎದೆ ಮುಟ್ಟಿಕೊಂಡು, "ಈ ಗಾಡಿ ಹೊಳಿ ಮಾರಿ ಸೈತ ನೋಡಿಲ್ರಿ" ಎಂದರು.

ಅಷ್ಟರಲ್ಲಿ ಆಯಿ ಬೆಲ್ಟ್ ಹಾಕಿಕೊಳ್ಳಲು ಹೋಗಿ ಪೂರ್ತಿ ಎಳೆದಿದ್ದರು. ಬೆಲ್ಟಿನ ಕೊನೆಯ ಗೇಣಿನಲ್ಲಿ ಮಣ್ಣು ಮೆತ್ತಿತ್ತು. ಮಾಮಾ ಸೀಟಿನ ಕೆಳಗಿನ ಚಾಪೆ ಎತ್ತಿದರು. ಅಲ್ಲಿ ಹೊಳೆ ತಂದು ಹಾಕಿದ ಬೆರಳು ದಪ್ಪ ಗೋಡುಮಣ್ಣು, ಅದರ ಮೇಲೆ ಬಿಳಿಚಿಕೊಂಡ ಒಂದು ಮೊಳಕೆ.

"ಮಳಿಗಾಲದಾಗ ಕಾಲಿಗೆ ಹತ್ತಿ ಬಂದಿರತೈತ್ರಿ" ಎಂದರು ಮಾರುವವರು.

ಮಾಮಾ ಆ ಮಣ್ಣನ್ನು ಅಂಗೈಯಲ್ಲಿ ತಿಕ್ಕಿದರು, ಮೂಸಿ ನೋಡಿದರು. ಸಿಟ್ಟು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಹೊಳೆದಂಡೆಯ ರೈತನಿಗೆ ಒಳ್ಳೆಯ ಮಣ್ಣು ಕಂಡಾಗ ಬೇರೆ ಯಾವುದೂ ಕಾಣುವುದಿಲ್ಲ. ನಾನೂ ಆಯಿಯೂ ಇಳಿದು ನಿಂತರೂ ಅವರು ಮಂಡಿಯೂರಿ ಕೂತೇ ಇದ್ದರು.

"ಗಾಡಿ ಬ್ಯಾಡ್ರಿ" ಎಂದರು ಕೊನೆಗೆ. "ಮಣ್ಣ ಕೊಡತೀರೇನು? ಬದನಿ ಅಗಿ ಹಚ್ಚೂದೈತಿ."

ಮಾರುವವರೇ ಒಂದು ಕ್ಯಾರಿ ಬ್ಯಾಗ್ ತಂದುಕೊಟ್ಟರು. ಅಂಕಲಿಯ ಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ "ಬಂತೇನು?" ಎಂದಾಗ ಮಾಮಾ ಆ ಚೀಲ ಎತ್ತಿ ತೋರಿಸಿದರು. ಅವತ್ತು ರಾತ್ರಿ ಮಾಮಾನಿಗೆ ತಾವೇ ಬಡಿಸಿಕೊಂಡು ಉಣ್ಣಬೇಕಾಯಿತು.

೪. ಹೊಗಳಬಾರದು

ಕಾಗವಾಡದ ಗಾಡಿ ನಿಜಕ್ಕೂ ಚೆನ್ನಾಗಿತ್ತು. ಆಯಿ ಕೂತು ಎದ್ದು ಕಣ್ಣಲ್ಲೇ ಹೂಂ ಎಂದರು. ಆದರೆ ಮಾಮಾ ದನದ ಬಜಾರಿನಲ್ಲಿ ಪಳಗಿದವರು. ಕೊಳ್ಳುವ ದನವನ್ನು ಬಾಯಿ ತಪ್ಪಿಯೂ ಹೊಗಳಬಾರದು ಎಂಬುದು ಅಲ್ಲಿಯ ಪಾಠ.

"ಟಾಯರ ಹೋಗ್ಯಾವು" ಎಂದು ಶುರು ಮಾಡಿದರು. "ಎಂಜಿನ್ ಒದರಾಕತ್ತೈತಿ. ಬಣ್ಣ ಎರಡನೇದು. ಬಾಗಲಾ ಸಡ್ಲ ಅದಾವು. ಇದು ಎಲ್ಲಿಯೋ ಬಡದ ಗಾಡಿ." ಪಕ್ಕದಲ್ಲಿ ನಾನು ಪ್ರತಿ ಮಾತಿಗೂ ಡಿಪೋದವನ ತಲೆ ಆಡಿಸುತ್ತಿದ್ದೆ. ಮಾರುವವರು ಮೆತ್ತನೆಯ ಮನುಷ್ಯ, ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. ಮುಖ ಸಣ್ಣದಾಗುತ್ತ ಹೋಯಿತು.

ಇನ್ನು ದರ ಇಳಿಸಲು ಇದೇ ಹೊತ್ತು ಎಂದು ಮಾಮಾ, "ಇರಲಿ, ನಿಮ್ಮ ಮಾರಿ ನೋಡಿ ತಗೊಂತೇವಿ. ಹೇಳ್ರಿ" ಎಂದರು.

ಅವರು ಕೀಲಿಯನ್ನು ಕಿಸೆಗೆ ಹಾಕಿಕೊಂಡು ಕೈ ಮುಗಿದರು. "ಬ್ಯಾಡ್ರಿ ಯಪ್ಪಾ. ಇಷ್ಟೆಲ್ಲಾ ಕೆಟ್ಟೈತಿ ಅಂತ ನನಗ ಗೊತ್ತ ಇರ್ಲಿಲ್ಲ. ವಯಸ್ಸಾದ ತಾಯಿನ್ನ ಕರಕೊಂಡ ಬಂದೀರಿ. ನಿಮಗ ಇಂಥಾದ ಕೊಟ್ಟು ನಾ ಯಾಕ ಪಾಪ ಕಟ್ಕೊಳ್ಳಿ?"

೫. ವಸ್ತಿ

ನಿಪ್ಪಾಣಿ ತಾಲೂಕಿನ ಭೋಜದ ಗಾಡಿಯನ್ನು ನೋಡಿದಾಗ ಸಾಖರಪುಡಾಕ್ಕೆ ವಾರವೂ ಉಳಿದಿರಲಿಲ್ಲ. ಗಾಡಿಯ ಯಜಮಾನ ದೊಡ್ಡ, ಎತ್ತರದ ಗಾಡಿ ತರುವವನಿದ್ದ, ಅದಕ್ಕೆ ಇದನ್ನು ಮಾರುತ್ತಿದ್ದ. ಆಯಿ ಕೂತರು, ಎದ್ದರು, 'ಅಯ್ಯವ್ವಾ' ಅನ್ನಲಿಲ್ಲ. ಮಾಮಾ ಈ ಸಲ ತುಟಿ ಬಿಚ್ಚಲಿಲ್ಲ. ಮುಂಗಡ ಕೊಡಲು ಕಿಸೆಗೆ ಕೈ ಹಾಕಿದರು.

"ತಡಿ" ಎಂದರು ಆಯಿ. "ಎಮ್ಮಿ ತರೂಮುಂದ ಏನ ಮಾಡತೇವಿ? ಸಂಜಿಕ ಒಮ್ಮೆ, ಮುಂಜಾನಿ ಒಮ್ಮೆ ನಮ್ಮ ಕಣ್ಣಮುಂದ ಹಿಂಡಿಸಿ ನೋಡತೇವಿ. ಹಿಂಡಲಾರದ ಕೆಚ್ಚಲಾ ತುಂಬಿಸಿ ತೋರಸಾವ್ರು ಭಾಳ ಮಂದಿ ಅದಾರ. ಇವರೂ ಗಾಡಿ ಬಿಸಿ ಮಾಡಿ ಇಟ್ಟಾರ. ಮುಂಜಾನಿ ತಣ್ಣಗ ಇದ್ದಾಗ ಚಾಲೂ ಆಕ್ಕೈತೇನ ನೋಡೂಣು."

ನಾನು ತಲೆ ಆಡಿಸಿದೆ. ಡಿಪೋದವನೇ ಒಪ್ಪಿದ ಮೇಲೆ ಯಜಮಾನನೂ ಒಪ್ಪಿದ. "ಆತ್ರಿ ಆಯಿ, ನಾಳಿ ಮುಂಜಾನಿ ಬರ್ರಿ" ಎಂದ.

"ನಾ ಬರೂದ್ರಾಗ ನೀ ಮತ್ತ ಬಿಸಿ ಮಾಡಿ ಬಿಟ್ಟಿರತಿ" ಎಂದರು ಆಯಿ. "ಇಲ್ಲೇ ವಸ್ತಿ ಇರತೇನಿ."

ಇದ್ದೇ ಬಿಟ್ಟರು. ಯಜಮಾನನ ತಾಯಿಯೂ ಆಯಿಯ ವಾರಿಗೆಯವರೇ, ಖುಷಿಯಿಂದ ಹಾಸಿಗೆ ಹಾಸಿಕೊಟ್ಟರು. ನಾವಿಬ್ಬರೂ ಅಂಕಲಿಗೆ ಬಂದು ಮಲಗಿ, ಬೆಳಿಗ್ಗೆ ಮತ್ತೆ ಬಸ್ಸು ಹಿಡಿದು ಹೋದೆವು. ಕಟ್ಟೆಯ ಮೇಲೆ ಇಬ್ಬರು ಮುದುಕಿಯರೂ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು.

"ಒಂದ ಸಲಕ್ಕ ಚಾಲೂ ಆತು. ಗಾಡಿ ಬಂಗಾರ ಐತಿ" ಎಂದರು ಆಯಿ. ಮಾಮಾ ಕಿಸೆಗೆ ಕೈ ಹಾಕಿದರು.

"ಖರೆ, ಅದು ನಮಗಿಲ್ಲ" ಎಂದು ಆಯಿ ತಡೆದರು. " ಮಾರಬ್ಯಾಡ ಅಂತ ನಾನ ಹೇಳೇನಿ."

ಆಗಿದ್ದು ಇಷ್ಟು. ಭೋಜದ ತಾಯಿಗೂ ಮೊಣಕಾಲು ನೋವು. ಎತ್ತರದ ಗಾಡಿ ಬಂದರೆ ತನಗೆ ಹತ್ತಲು ನಿಚ್ಚಣಿಕೆ ಬೇಕಾಗುತ್ತದೆ ಎಂದು ಮಗನಿಗೆ ಹೇಳಲು ಸಂಕೋಚಪಟ್ಟು, ರಾತ್ರಿ ಆಯಿಯ ಮುಂದೆ ಹೇಳಿಕೊಂಡಿದ್ದರು. ಆಯಿಗೆ ಸಂಕೋಚ ಎಂಬುದು ಮೊದಲಿನಿಂದಲೂ ಇಲ್ಲ. ಎದ್ದ ಕೂಡಲೇ ಯಜಮಾನನನ್ನು ಕೂರಿಸಿಕೊಂಡು ಬೈದಿದ್ದರು. ಅವನು ನಮ್ಮ ಮುಂದೆ ಕೈಕಟ್ಟಿ ನಿಂತು, "ತಪ್ಪ ತಿಳೀಬ್ಯಾಡ್ರಿ. ನಿನ್ನಿತನಾ ನನಗ ಒಬ್ಬಾಕಿನ ಅವ್ವ ಇದ್ಲು, ಈಗ ಇಬ್ಬರಾಗ್ಯಾರ" ಎಂದ.

ಮಾಮಾ ಬಸ್ಸಿನಲ್ಲಿ ಆಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಆಮೇಲೆ ಹಿಂದೆ ಬಂದು ನನ್ನ ಕಿವಿಯಲ್ಲಿ ಹೇಳಿದರು. "ಎಮ್ಮಿ ತರಾಕ ಹೋಗಿ, ಎಮ್ಮಿ ಕೊಡಬ್ಯಾಡ್ರಿ ಅಂತ ಹೇಳಿ ಬಂದಾಕಿ ಈ ಜಿಲ್ಲಾದಾಗ ನಮ್ಮವ್ವ ಒಬ್ಬಾಕಿನ."

೬. ಸಾಖರಪುಡಾ

ಅವತ್ತು ಬೆಳಿಗ್ಗೆ ಎಲ್ಲರೂ ತಯಾರಾದರು, ಅಕ್ಕ ಒಬ್ಬಳನ್ನು ಬಿಟ್ಟು. ಅವಳು ದಿನದ ಸೀರೆಯಲ್ಲೇ ಒಲೆಯ ಮುಂದೆ ಕೂತಿದ್ದಳು. ಮಗಳು ಅಳುವ ಹಾಗಾಗಿದ್ದಳು. ಇಷ್ಟು ದಿನ ತಮಾಷೆ ನೋಡಿದ ನನಗೂ ಆಗ ನಿಜವಾಗಿ ಸಂಕಟವಾಯಿತು. ಹಟ ಅಕ್ಕನದ್ದೇ, ಆದರೆ ಹೋದ ವರ್ಷದ ಆ ಹೋಳಿಗೆಯನ್ನು ನಾನೂ ನೋಡಿದ್ದೆ.

ಹೊರಗೆ ಹಾರ್ನ್ ಕೇಳಿಸಿತು. ಭೋಜದ ಗಾಡಿ. ತೊಳೆದು, ಹೂವಿನ ಹಾರ ಹಾಕಿದ್ದರು. ಯಜಮಾನ ಸ್ಟೇರಿಂಗ್ ಹಿಡಿದಿದ್ದ, ಅವನ ತಾಯಿ ಹಿಂದೆ ಕೂತಿದ್ದರು. ಆಯಿ ಫೋನ್ ಮಾಡಿದ್ದರಂತೆ.

"ಮಂದಿ ಗಾಡಿ ನಾ ಹತ್ತಂಗಿಲ್ಲ" ಎಂದಳು ಅಕ್ಕ.

"ನಾ ಉಂಡು ಮಲಗಿದ ಮನಿ ಅದು. ಮಂದಿ ಹೆಂಗ ಆದೀತ?" ಎಂದರು ಆಯಿ. "ಏಳು, ಸೀರಿ ಉಟ್ಕೋ."

ಅಕ್ಕ ಅರೆಮನಸ್ಸಿನಿಂದಲೇ ಎದ್ದಳು. ಭೋಜದ ತಾಯಿ ಅವಳನ್ನೇ ಮುಂದಿನ ಸೀಟಿನಲ್ಲಿ ಕೂರಿಸಿದರು. ಮಗಳು ಇಬ್ಬರು ಮುದುಕಿಯರ ಮಧ್ಯೆ. ಮಾಮಾನೂ ನಾನೂ ಮೋಟರ್ ಸೈಕಲ್ ಮೇಲೆ ಹಿಂದೆ.

ಅಥಣಿಯ ಮಂಗಲ ಕಾರ್ಯಾಲಯದ ಬಾಗಿಲಲ್ಲೇ ಬಾಜೂ ಮನೆಯಾಕೆ ನಿಂತಿದ್ದಳು. ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿ ಕೇಳಿದಳು. "ಯಾರ ಗಾಡಿ ಇದು?"

ಸುತ್ತ ನಾಲ್ಕು ಮಂದಿ ಇದ್ದರು. ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳ ಮುಖ ಇಳಿಯಿತು, ಬಾಯಿ ತೆರೆದಳು. ಅಷ್ಟರಲ್ಲಿ ಭೋಜದ ತಾಯಿ ಹಿಂದಿನಿಂದ ನಿಧಾನ ಇಳಿಯುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇವರದ್ರಿ. ಪಾಪ, ನಮಗ ಬಸ್ಸ ತಪ್ಪಿತ್ತು. ತಮ್ಮ ಗಾಡ್ಯಾಗ ಕರಕೊಂಡ ಬಂದ್ರು."

ಯಜಮಾನ ಒಂದು ಕ್ಷಣ ತಾಯಿಯನ್ನು ನೋಡಿದ. ಆಮೇಲೆ ಇಳಿದು ಬಂದು, ಡ್ರೈವರನ ಹಾಗೆ ಅಕ್ಕನ ಕಡೆಯ ಬಾಗಿಲು ತೆರೆದು ಹಿಡಿದ. ಅಕ್ಕ ಅವತ್ತು ಹೋಳಿಗೆ ಬಡಿಸುವವನನ್ನು ತಾನೇ ಕರೆದು ಹಾಕಿಸಿಕೊಂಡಳು.

ಊಟವಾದ ಮೇಲೆ ಬಾಜೂ ಮನೆಯಾಕೆ ಮತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದು ಆಯಿಯ ಹತ್ತಿರ ಕೂತಳು. "ಭಾಳ ಚೊಲೋ ಐತ್ರಿ ಆಯಿ. ನಮ್ಮದು ಹಳೇದಾತು. ಮುಂದ ಎಂದರ ಕೊಡೂದಿದ್ರ ನಮಗ ಹೇಳ್ರಿ, ನಮ್ಮವರನ್ನ ನೋಡಾಕ ಕಳಸತೇನಿ."

ಇಬ್ಬರು ಮುದುಕಿಯರೂ ಮುಖ ಮುಖ ನೋಡಿಕೊಂಡರು.

"ಕಳಸವ್ವಾ" ಎಂದರು ಆಯಿ. "ಬರೂಮುಂದ ವಸ್ತಿಗೆ ಹಾಸಿಗಿ ತಗೊಂಡ ಬಾ ಅಂತ ಹೇಳು."