ಮಾವನ ಕಾವಲುಗಾರ

ನಮ್ಮ ಸೋದರಮಾವನಷ್ಟು ಅನುಮಾನದ ಮನುಷ್ಯ ಸಕಲೇಶಪುರದಿಂದ ಆಲೂರಿನವರೆಗೆ ಹುಡುಕಿದರೂ ಸಿಗುವುದಿಲ್ಲ. ಅವರಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳುವವರೂ ಸಿಗುವುದಿಲ್ಲ! ಎರಡೂ ಒಬ್ಬರೇ ಹೇಗೆ ಅಂತೀರಾ?

ಬೆಳಗೋಡಿನ ಹತ್ತಿರದ ಅವರ ಎಸ್ಟೇಟಿಗೆ ಯಾರೇ ಬರಲಿ, ಗೇಟಿನಲ್ಲೇ "ಯಾರದು? ಹೆಸ್ರೇಳಿ" ಎಂದು ತಡೆಯುತ್ತಿದ್ದರು. ಸಂತೆಯಿಂದ ಬಂದ ಅತ್ತೆಗೂ ವಿನಾಯಿತಿ ಇರಲಿಲ್ಲ. ಆದರೆ "ಸೌದೆ ಲಾರಿಯವ್ನು ಸ್ವಾಮಿ, ಒಂದ್ ಲೋಟ ಕಾಫಿ ಕೊಡ್ಸಿ" ಎಂದು ಹೆಸರಿಗೊಂದು ಬಾಲ ಕಟ್ಟಿದರೆ ಮುಗಿಯಿತು. ಮಾವ ಮರುಮಾತಿಲ್ಲದೆ ಒಳಗೆ ಕೂಗುತ್ತಿದ್ದರು: "ಲೇ, ಕಾಫಿ ತಗಂಡ್ ಬಾರೇ!"

ಇಂಥವರು ಎರಡು ಸಾವಿರದ ಆಸುಪಾಸಿನಲ್ಲಿ ಕಂಪ್ಯೂಟರ್ ಕೊಂಡು, ಪುಸ್ತಕ ನೋಡಿ ತಾವೇ ಒಂದು ಪ್ರೋಗ್ರಾಂ ಬರೆದರು. ಹೆಸರು 'ಕಾವಲುಗಾರ'. ಕಂಪ್ಯೂಟರ್ ಯಾವುದಾದರೂ ಫೈಲನ್ನು ತೆರೆಯಲು ಬಿಡದಿದ್ದರೆ ಅದರ ಹೆಸರು ಟೈಪ್ ಮಾಡಬೇಕು. ಯಾಕೆ ಬಿಡಲಿಲ್ಲ ಎಂದು ಕಾವಲುಗಾರ ಹೇಳುತ್ತಿದ್ದ.

"ಇವ್ನ ಕಣ್ ತಪ್ಸಿ ಒಂದ್ ಸೊಳ್ಳೆನೂ ಒಳಿಕ್ ಹೋಗಕ್ಕಾಗಲ್ಲ ಕಣೇ!" ಎಂದು ಮಾವ ನನ್ನೆದುರು ಬೀಗಿದರು.

ಹಾಸನದಲ್ಲಿ ಕಂಪ್ಯೂಟರ್ ಓದುತ್ತಾ ರಜೆಗೆ ಬಂದಿದ್ದ ನಾನು ಸುಮ್ಮನಿರುತ್ತೇನೆಯೇ? ಒಂದು ಫೈಲಿನ ಹೆಸರು ಬರೆದು, ಪಕ್ಕದಲ್ಲಿ ಸೆಮಿಕೋಲನ್ ಹಾಕಿ (ಒಂದು ಆಜ್ಞೆ ಮುಗಿಯಿತು, ಇನ್ನೊಂದು ಶುರು ಎಂದು ಕಂಪ್ಯೂಟರಿಗೆ ಹೇಳುವ ಚುಕ್ಕೆ ಅದು), ಅದರ ಮುಂದೆ ಅಳಿಸುವ ಆಜ್ಞೆಯೊಂದನ್ನು ಸೇರಿಸಿದೆ. ಕಾವಲುಗಾರನೂ ಯಜಮಾನನಂತೆಯೇ! ಹೆಸರಿನ ಜೊತೆ ಬಾಲವನ್ನೂ ಒಪ್ಪಿಕೊಂಡು, ಹೇಳಿದ್ದನ್ನು ಮಾಡಿಬಿಟ್ಟ. ನಾನು ಅಳಿಸಬೇಕೆಂದಿದ್ದು ಬೇಡದ ಒಂದು ಫೈಲನ್ನು. ಅವಸರದಲ್ಲಿ ಬರೆದದ್ದು ಮಾವ ಹತ್ತು ವರ್ಷ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಆಮೇಲೆ ಕಂಪ್ಯೂಟರಿಗೆ ಏರಿಸಿದ್ದ ಮಳೆಯ ದಾಖಲೆಯ ಹೆಸರನ್ನು. ಅಷ್ಟೂ ಮಳೆ ಮಾಯ!

ನನಗೆ ಅಳು ಬಂತು. ಮಾವ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು.

"ಹೆಸ್ರು ಕೇಳ್ದೋನು ಹೆಸ್ರಷ್ಟೇ ತಗಬೇಕಿತ್ತು. ತಪ್ಪು ನಂದೇ ಐತೆ. ಅಳ್ಬ್ಯಾಡ. ಹಳೇ ನೋಟ್‌ಬುಕ್ಕು ತಗಂಡ್ ಬಾ, ನೀನ್ ಓದು."

ರಜೆಯೆಲ್ಲ ನಾನು ಓದಿದೆ, ಅವರು ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು. ಸೆಮಿಕೋಲನ್ ಕಂಡರೆ ಹೊರಗಟ್ಟುವಂತೆ ಕಾವಲುಗಾರನನ್ನೂ ತಿದ್ದಿದರು. ತಮ್ಮನ್ನು ಮಾತ್ರ ತಿದ್ದಿಕೊಳ್ಳಲಿಲ್ಲ.

ಕೆಲವು ವರ್ಷಗಳಲ್ಲಿ ಮಾವನಿಗೆ ಮರೆವು ಹಿಡಿಯಿತು. ಅತ್ತೆ ಮಾತ್ರೆ ಕೊಟ್ಟರೆ "ಯಾರೋ ವಿಷ ಹಾಕವ್ರೆ" ಎಂದು ಬಾಯಿ ಬಿಗಿ ಹಿಡಿಯುತ್ತಿದ್ದರು. ಹೀಗೇ ಆದರೆ ಇವರು ಉಳಿಯುವುದಿಲ್ಲ ಎಂದು ಅತ್ತೆ ಫೋನಿನಲ್ಲಿ ಅತ್ತರು. ನಾನು ಓಡಿ ಬಂದೆ. ಗೇಟಿನಲ್ಲಿ ಮಾವ ನಿಂತಿದ್ದರು.

"ಯಾರದು? ಹೆಸ್ರೇಳಿ."

ನನ್ನನ್ನೇ! ಅತ್ತೆ ಬಂದು ನನ್ನ ಕೈಗೆ ಮಾತ್ರೆ ಕೊಟ್ಟು ಒಳಗೆ ಹೋದರು. ನಾನು ಒಂದೇ ಉಸಿರಿಗೆ ಹೇಳಿದೆ: "ನಿಮ್ ತಂಗಿ ಮಗಳು ಮಾವ, ಈ ಮಾತ್ರೆ ನುಂಗ್ಬುಡಿ."

ಮಾವ ತಲೆಯಾಡಿಸಿ, ಕೈ ಚಾಚಿ, ನುಂಗಿದರು. ಆಮೇಲೆ ಒಳಗೆ ತಿರುಗಿ ಕೂಗಿದರು:

"ಲೇ, ತಂಗಿ ಮಗಳು ಬಂದವ್ಳೆ, ಕಾಫಿ ತಗಂಡ್ ಬಾರೇ!"

ಕಾಫಿಯನ್ನು ನಾನು ಕೇಳಿಯೇ ಇರಲಿಲ್ಲ.