ಹಡಗಮ್ಮನ ಹೆಸರು

ಮಳೆಗಾಲದ ನಡುವೆ, ತಿಂಗಳ ಹದಿನಾರನೇ ತಾರೀಖು, ಮಂಗಳವಾರ ಬೆಳಿಗ್ಗೆ ಏಳಕ್ಕೆ ಪ್ರಸೋಪನ ಗ್ರಹಚಾರ ಶುರುವಾಯಿತು. ಆಗವನು ನೂಡಲ್ ಗಾಡಿಯ ಒಲೆಗೆ ಇದ್ದಿಲು ತುಂಬುತ್ತಿದ್ದ.

“ಮಧ್ಯಾಹ್ನ ಬುದ್ಧವಿಹಾರಕ್ಕೆ ಬರೋ ಹೆಂಗಸರೆಲ್ಲ ಹಳೇ ಯುದ್ಧನೌಕೆ ನೋಡೋಕೆ ಹೋಗ್ತಿದೀವಿ,” ಎಂದಳು ಹೆಂಡತಿ ಬುಪ್ಪಾ. “ನೀವು ಅನ್ನ ಬೇಯಿಸ್ತಿದ್ದ ಜಾಗಾನೂ ನೋಡ್ಕೊಂಡು ಬರ್ತೀನಿ.”

ಪ್ರಸೋಪನ ಕೈಯ ಇಕ್ಕಳ ಜಾರಿ ಕಾಲಿನ ಮೇಲೆ ಬಿತ್ತು.

ನದಿ ಸಮುದ್ರ ಸೇರುವಲ್ಲಿ ಈಗ ಜನ ನೋಡಲೆಂದು ನಿಲ್ಲಿಸಿರುವ ಆ ನೌಕೆಯಲ್ಲಿ ಅವನು ನಲವತ್ತೆರಡು ವರ್ಷದ ಹಿಂದೆ ಅಡುಗೆಯಾಳಾಗಿದ್ದ. ಅಕ್ಕಿ ಕೋಣೆಯ ಬಿಳಿ ಗೋಡೆಯ ಮೇಲೆ ಮೀನು ಕೊಯ್ಯುವ ಚೂರಿಯಿಂದ ‘ಪ್ರಸೋಪ್, ಲಂದುವಾನ್’ ಎಂದು ತನ್ನ ಹೆಸರಿನ ಜೊತೆ ಹುಡುಗಿಯೊಬ್ಬಳ ಹೆಸರು ಕೆತ್ತಿ, ಕೆಳಗೆ ಬುದ್ಧವರ್ಷ ೨೫೨೩ ಎಂದೂ ಕೆತ್ತಿದ್ದ. ಆಮೇಲೆ ಬುಪ್ಪಾಳನ್ನು ಮದುವೆಯಾಗುವಾಗ, ತನ್ನ ಮೈಮೇಲೆ ಒಂದು ಹೆಣ್ಣುನೊಣವೂ ಕೂತಿಲ್ಲ ಎಂದು ಆಣೆ ಮಾಡಿದ್ದ. “ಸುಳ್ಳು ಅಂತ ಗೊತ್ತಾದ ದಿನ ಕೋರಾತ್‌ನಲ್ಲಿರೋ ಅಕ್ಕನ ಮನೆಗೆ ಹೋಗಿಬಿಡ್ತೀನಿ,” ಎಂದಿದ್ದಳು ಬುಪ್ಪಾ. ಇಂದಿಗೂ ಅವನ ಅಂಗಿಯನ್ನು ಮೂಸಿ ನೋಡಿಯೇ ಒಗೆಯಲು ಹಾಕುತ್ತಿದ್ದಳು.

ಗಾಡಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಊಟದ ಕ್ಯಾರಿಯರ್‌ಗೆ ಸುರಿದುಕೊಂಡು ಪ್ರಸೋಪ ಹೊರಟ. ಬೀದಿ ತಿರುವಿನಲ್ಲಿ ಕ್ಷೌರದ ಥವಿನ್ ಅಡ್ಡ ಬಂದ.

“ಎಲ್ಲಿಗಣ್ಣ ಸವಾರಿ?”

“ಹಲ್ಲುನೋವು. ಡಾಕ್ಟರ ಹತ್ರ.”

“ಹಲ್ಲಿನ ಡಾಕ್ಟ್ರಿಗೆ ಬ್ರಷ್ಷೂ ನಾವೇ ಒಯ್ಯಬೇಕಾ?” ಥವಿನ್ ಕ್ಯಾರಿಯರ್‌ನಿಂದ ಇಣುಕುತ್ತಿದ್ದ ಬಣ್ಣದ ಬ್ರಷ್ಷನ್ನೇ ನೋಡಿದ.

ಅಂದು ಲಾಟರಿಯ ದಿನ. ಲಾಟರಿಯ ದಿನ ಊರವರು ಆ ನೌಕೆಯ ಮೂತಿಗೆ ಪೌಡರ್ ಉಜ್ಜಿ, ನೌಕೆ ಕಾಯುವ ಹಡಗಮ್ಮ ಯಾವುದಾದರೂ ಅಂಕಿ ಮೂಡಿಸಿದ್ದಾಳೆಯೇ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡುವುದು ಮಾಮೂಲು. ಇಂಥ ದಿನ ಹಳೇ ನಾವಿಕನೊಬ್ಬ ಕ್ಯಾರಿಯರ್ ಮುಚ್ಚಿಕೊಂಡು ಅತ್ತ ಹೋದರೆ ಥವಿನ್‌ಗೆ ಕ್ಷೌರದ ಕೆಲಸದಲ್ಲಿ ಮನಸ್ಸು ನಿಂತೀತೇ? ಗಿರಾಕಿಯನ್ನು ಅರ್ಧ ಬೋಳಿಸಿದಲ್ಲಿಗೇ ಬಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಹೊರಟ. ಪಕ್ಕದ ಮನೆಯ ಸಮ್ಲೀ ಅವನ ಹಿಂದೆ. ಅರ್ಧ ಬೋಳಿನವನು ಸಮ್ಲೀಯ ಹಿಂದೆ.

ನೌಕೆಯ ಬಾಗಿಲಲ್ಲಿ ಮಲ್ಲಿಗೆ ಮಾರುವ ಮುದುಕಿಯೊಬ್ಬಳು, “ಹಡಗಮ್ಮಂಗೆ ಮಾಲೆ ಬೇಡ್ವಾ?” ಎಂದು ಕೇಳಿ, ಅವನ ಕೆಸುವಿನೆಲೆಯಂಥ ಕಿವಿಗಳನ್ನೇ ದಿಟ್ಟಿಸಿದಳು. ಇವಳೂ ಯಾರದೋ ಬೇಹುಗಾರ್ತಿ ಎಂದುಕೊಂಡು ಪ್ರಸೋಪ ಕಿವಿ ಮುಚ್ಚಿಕೊಂಡು ಒಳಗೆ ನುಗ್ಗಿದ.

ಅಕ್ಕಿ ಕೋಣೆಯಲ್ಲಿ ಬರಹ ಇದ್ದ ಹಾಗೇ ಇತ್ತು. ಎರಡು ಪದರ ಬಣ್ಣ ಬಳಿದು, ನಿಟ್ಟುಸಿರುಬಿಟ್ಟು ತಿರುಗಿದರೆ ಬಾಗಿಲಲ್ಲಿ ಮೂರು ತಲೆಗಳು. ಅದರಲ್ಲೊಂದು ಅರ್ಧ ಬೋಳು.

“ನಂಬರ್ ಮುಚ್ತಿದೀಯಾ? ಒಬ್ಬನೇ ನುಂಗ್ಬೇಕಂತ?” ಎಂದು ಥವಿನ್ ಟವೆಲ್‌ನಿಂದ ಗೋಡೆ ಒರೆಸಿಯೇಬಿಟ್ಟ. ಗೋಡೆಯ ಬಣ್ಣ ಹೋಯಿತು, ಗೀರಿನೊಳಗಿನ ಬಣ್ಣ ಉಳಿಯಿತು. ನಲವತ್ತೆರಡು ವರ್ಷ ಮಂಕಾಗಿದ್ದ ಅಕ್ಷರಗಳು ಬಾಳೆಯ ಸುಳಿಯ ಹಾಗೆ ಹಚ್ಚಗೆ ಎದ್ದು ನಿಂತವು.

“ಕೊನೇದು ಇಪ್ಪತ್ಮೂರು,” ಎಂದಳು ಸಮ್ಲೀ ಭಕ್ತಿಯಿಂದ.

“ಲಂದುವಾನ್ ಯಾರು?” ಎಂದಿತು ಹಿಂದಿನಿಂದ ಇನ್ನೊಂದು ದನಿ. ಸಮ್ಲೀ ದಾರಿಯಲ್ಲೇ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದರಿಂದ ಬುಪ್ಪಾ ಮಧ್ಯಾಹ್ನಕ್ಕೆ ಕಾಯದೆ ಬಂದಿದ್ದಳು.

ಪ್ರಸೋಪ ಸುತ್ತ ಕಣ್ಣಾಡಿಸಿದ. ಕಿಟಕಿಯಾಚೆ ನೌಕೆಯ ಮೂತಿಗೆ ಕಟ್ಟಿದ್ದ ಬಣ್ಣದ ಬಟ್ಟೆ, ಎದುರಿಗೆ ನೈವೇದ್ಯಕ್ಕಿಟ್ಟ ಕೆಂಪು ಸೋಡಾ ಕಂಡವು.

“ಹಡಗಮ್ಮ ಕಣೇ. ಈ ಹಡಗನ್ನ ಕಾಯೋ ತಾಯಿ. ಹೆಸರು ನಾವಿಕರಿಗಷ್ಟೇ ಗೊತ್ತು. ಕಂಡವರ ಕಣ್ಣಿಗೆ ಬೀಳಬಾರದೂಂತ ಮುಚ್ಚಿದೆ.”

ಬುಪ್ಪಾ ಅವನ ಅಂಗಿಯನ್ನು ಅಲ್ಲೇ ಮೂಸಿದಳು. ಬಣ್ಣದ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ.

“ಆಯ್ತು. ಆ ತಾಯಿದೇ ಅಂಕಿಯಾದ್ರೆ ಸಂಜೆಯೊಳಗೆ ಗೊತ್ತಾಗತ್ತೆ. ಇಪ್ಪತ್ಮೂರು ಬರ್ಲಿಲ್ಲ ಅಂದ್ರೆ ಕೋರಾತ್.”

ಅಂದು ಅವನಷ್ಟು ಭಕ್ತಿಯಿಂದ ಲಾಟರಿಯ ರೇಡಿಯೋ ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಕೊನೆಯ ಎರಡಂಕಿ ಇಪ್ಪತ್ತಮೂರೇ ಬಂತು. ಪ್ರಸೋಪ ಒಲೆಯ ಪಕ್ಕದಲ್ಲೇ ಕುಸಿದು ಕೂತು ಅತ್ತ. ಬುಪ್ಪಾಳೂ ಕಣ್ಣೊರೆಸಿಕೊಂಡಳು. “ನಿಮ್ಮನ್ನ ಸುಮ್ಸುಮ್ನೆ ಅನುಮಾನಿಸಿದೆ. ನಡೀರಿ, ತಾಯಿಗೆ ಹರಕೆ ಒಪ್ಸಿ ಬರೋಣ.”

ಕೇರಿಗೆ ಕೇರಿಯೇ ಹೊರಟಿತು. ನೌಕೆಯ ಬಾಗಿಲಲ್ಲಿ ಬುಪ್ಪಾ ಅದೇ ಮುದುಕಿಯ ಮುಂದೆ ನಿಂತಳು.

“ಇರೋದ್ರಲ್ಲಿ ದೊಡ್ಡ ಮಾಲೆ ಕೊಡಿ ಅಕ್ಕ. ಹಡಗಮ್ಮ ಲಂದುವಾನ್‌ಗೆ.”

ಮುದುಕಿ ಸೂಜಿ ಕೆಳಗಿಟ್ಟಳು. “ನಾನಿನ್ನೂ ಸತ್ತಿಲ್ವಲ್ಲಮ್ಮ,” ಎಂದು ಪ್ರಸೋಪನ ಕಡೆ ತಿರುಗಿದಳು. “ಬೆಳಿಗ್ಗೆ ಕಿವಿ ನೋಡಿದಾಗಲೇ ಅಂದ್ಕೊಂಡೆ. ಅನ್ನ ಇಳಿಸಿ ಬರ್ತೀನಿ, ಇಲ್ಲೇ ನಿಂತಿರು ಅಂದು ಹೋಗಿದ್ಯಲ್ಲಪ್ಪ. ಬೆಂತಾ ಅನ್ನ?”

ಕೇರಿಯವರೆಲ್ಲ ಪ್ರಸೋಪನ ಕಡೆ ತಿರುಗಿದರು. ಬುಪ್ಪಾ ಮಾತ್ರ ದುಡ್ಡು ಕೊಟ್ಟು ಮಾಲೆ ತೆಗೆದುಕೊಂಡು, ಅದನ್ನು ಲಂದುವಾನ್‌ಳ ಕೊರಳಿಗೇ ಹಾಕಿ, ಅವಳ ಪಕ್ಕದ ಮಣೆಯ ಮೇಲೆ ಕೂತಳು.

“ಇನ್ನೇನೇನು ಹೇಳಿದ್ದ ಅಕ್ಕ? ಮೊದಲಿಂದ ಹೇಳಿ.”

ಗುರುವಾರ ಬೆಳಿಗ್ಗೆ ಕೋರಾತ್ ಬಸ್ಸಿನಲ್ಲಿ ಹೋದವರು ಇಬ್ಬರು. ಕಿಟಕಿ ಪಕ್ಕದ ಸೀಟನ್ನು ಬುಪ್ಪಾ ಹಡಗಮ್ಮನಿಗೇ ಬಿಟ್ಟುಕೊಟ್ಟಳಂತೆ.